ಹತ್ತನೆಯ ಸಹಿ

ಮಾರ್ಚ್ ೪, ಮಂಗಳವಾರ

ಮೆಟ್ಟಿಲ ಬಲ್ಬ್ ಹೋಗಿ ಇವತ್ತಿಗೆ ಮೂರು ವಾರ. ಅಪ್ಪ ಈ ಮನೆ ಕಟ್ಟಿಸುವಾಗ ಅದಕ್ಕೆ ಕರೆಂಟನ್ನು ಕೆಳಮನೆಯ ಮೀಟರಿನಿಂದ ಎಳೆಸಿ, ಸ್ವಿಚ್ಚನ್ನು ಮೇಲ್ಮನೆಯಲ್ಲಿ ಇಡಿಸಿದರು. ಕೆಳಗೆ ತಂಗಿ ಮತ್ತು ಅಮ್ಮ, ಮೇಲೆ ನಾನು ಮತ್ತು ಇವರು. ಬಲ್ಬ್ ಹೋದಾಗ ಕೆಳಗಿನವರು ಸ್ವಿಚ್ ಮೇಲಿದೆ ಅನ್ನುತ್ತಾರೆ, ನಾವು ಮೀಟರ್ ಕೆಳಗಿದೆ ಅನ್ನುತ್ತೇವೆ. ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಪೌರನೀತಿ ಕಲಿಸಿದವಳು ನಾನು. ಒಕ್ಕೂಟ ಸರ್ಕಾರದಲ್ಲಿ ಕೇಂದ್ರದ ಪಟ್ಟಿ ಯಾವುದು, ರಾಜ್ಯದ ಪಟ್ಟಿ ಯಾವುದು, ಇಬ್ಬರಿಗೂ ಸೇರಿದ ಪಟ್ಟಿ ಯಾವುದು ಎಂದು ಹೇಳುವಾಗ ಪ್ರತಿ ವರ್ಷ ಈ ಬಲ್ಬಿನ ಉದಾಹರಣೆಯನ್ನೇ ಕೊಟ್ಟಿದ್ದೇನೆ. ಇಬ್ಬರದೂ ಆದದ್ದು ಯಾರದೂ ಅಲ್ಲ ಎಂದು ಮುಗಿಸಿದರೆ ಹಿಂದಿನ ಬೆಂಚಿನವರೂ ನಗುತ್ತಿದ್ದರು.

ಇವತ್ತು ಮಧ್ಯಾಹ್ನ ಇವರು ತಮ್ಮ ಕನ್ನಡಕದ ಅಂಗಡಿಯಿಂದ ಊಟಕ್ಕೆ ಬಂದವರು ಫೋನನ್ನು ನನ್ನ ಮುಖಕ್ಕೆ ಹಿಡಿದರು. "ನಿನ್ ತಂಗಿ ನೋಡು, ಊರೆಲ್ಲ ನೋಡ್ತಿದೆ" ಅಂದರು. ಅದೇ ಮೆಟ್ಟಿಲು, ಅದೇ ಸತ್ತ ಬಲ್ಬು, ಅದರ ಕೆಳಗೆ ನಿಂತು ತಂಗಿ ಮಾತಾಡುತ್ತಿದ್ದಾಳೆ.

"ನೋಡಿ, ಈ ಬಲ್ಬ್ ಹೋಗಿ ಮೂರು ವಾರ ಆಯ್ತು. ಮೀಟರ್ ನಂದು, ಸ್ವಿಚ್ ನಮ್ಮಕ್ಕಂದು. ಆಸ್ಪತ್ರೆ ಮುಂದೆ ಹೆದ್ದಾರಿ ದಾಟೋಕೆ ಒಂದು ಸೇತುವೆ ಯಾಕೆ ಬರ್ಲಿಲ್ಲ ಗೊತ್ತಾ? ರಸ್ತೆ ಕೇಂದ್ರದ್ದು, ರಸ್ತೆ ಪಕ್ಕದ ಜಾಗ ರಾಜ್ಯದ್ದು. ಏಳು ವರ್ಷದಿಂದ ಕಾಗದ ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ. ಇಬ್ಬರದೂ ಆಗಿದ್ದು ಯಾರದೂ ಅಲ್ಲ."

ನಲವತ್ತು ಸಾವಿರ ಜನ ನೋಡಿದ್ದಾರಂತೆ. ಉದಾಹರಣೆ ಯಾರದೆಂದು ಹೇಳಲಿಲ್ಲ. ನನ್ನ ಪ್ರಸ್ತಾಪ ಬಂದದ್ದು ಒಂದೇ ಸಲ, ಅದೂ ಸ್ವಿಚ್ಚಿನ ಯಜಮಾನಿಯಾಗಿ. ಅಂದರೆ ಬಲ್ಬ್ ಹಾಕದ ಪಾಪಿ ನಾನು, ಪಾಠ ಹೇಳಿದ ಗುರು ಅವಳು. ಪೌರನೀತಿಯಲ್ಲಿ ಎರಡು ಸಲ ಫೇಲಾಗಿ, ಮೂರನೇ ಸಲ ನನ್ನ ನೋಟ್ಸ್ ಉರು ಹೊಡೆದು ಮೂವತ್ತೈದು ತೆಗೆದವಳು. ಧ್ವನಿ ಪರವಾಗಿಲ್ಲ, ವಿಷಯ ಕದ್ದದ್ದು. ಹತ್ತಕ್ಕೆ ಎರಡು.

ಮಾರ್ಚ್ ೬, ಗುರುವಾರ

ಚುನಾವಣೆಗೆ ನಿಲ್ಲುತ್ತಾಳಂತೆ. ರಾಜ್ಯದ ವಿಧಾನಸಭೆಗೆ, ಯಾವ ಪಕ್ಷವೂ ಇಲ್ಲದೆ, ಪಕ್ಷೇತರಳಾಗಿ. ಸಂಜೆ ಮೇಲೆ ಬಂದು ಹೇಳಿದಳು. ಡ್ರೈವಿಂಗ್ ಸ್ಕೂಲ್ ನಡೆಸುವ ಇವಳು ಶಾಸನಸಭೆ ಅಂದರೆ ಇನ್ನೊಂದು ಪಾರ್ಕಿಂಗ್ ಜಾಗ ಅಂದುಕೊಂಡಿದ್ದಾಳೆ.

"ನಿಂಗೆ ಡಿಸೆಂಬರಲ್ಲೇ ಕೇಳಿದ್ನಲ್ಲ ಅಕ್ಕ" ಅಂದಳು.

ಕೇಳಿದ್ದಳು, ನಿಜ. ರಿಟೈರ್ ಆದಮೇಲೆ ನಾನು ನಿಲ್ಲುತ್ತೇನೆ ಎಂದು ಇಪ್ಪತ್ತು ವರ್ಷದಿಂದ ಸ್ಟಾಫ್‌ರೂಮಿನಲ್ಲೂ ಮನೆಯಲ್ಲೂ ಹೇಳಿಕೊಂಡು ಬಂದವಳು ನಾನು. ರಿಟೈರ್ ಆಗಿ ಎಂಟು ತಿಂಗಳಾಯಿತು. ಡಿಸೆಂಬರಿನಲ್ಲಿ ಅವಳು, "ಅಕ್ಕ, ನೀನು ನಿಲ್ತೀಯಾ? ನೀನು ನಿಂತ್ರೆ ನಾನು ಗಾಡಿ ಓಡಿಸ್ತೀನಿ. ಇಲ್ಲಾಂದ್ರೆ ನಾನೇ ನಿಲ್ಲೋಣ ಅಂತಿದೀನಿ" ಅಂದಾಗ, "ಆ ಕೆಸರಿಗೆ ಯಾರು ಇಳೀತಾರೆ" ಅಂದೆ. ಹಾಗೆಂದದ್ದು ಅವಳೂ ಇಳಿಯದಿರಲಿ ಎಂದೇ ಹೊರತು ಅವಳಿಗೆ ದಾರಿ ಬಿಡುವುದಕ್ಕಲ್ಲ. ಅಷ್ಟು ಗೊತ್ತಾಗುವುದಿಲ್ಲವೇ ಒಡಹುಟ್ಟಿದವಳಿಗೆ?

ಅಮ್ಮನಿಗಂತೂ ಕಾಲು ನೆಲದ ಮೇಲಿಲ್ಲ. ನಾನು ಮುಖ್ಯ ಚುನಾವಣಾ ತರಬೇತುದಾರಳಾಗಿ ನಾಲ್ಕು ಸಲ ಐನೂರು ಜನ ಅಧಿಕಾರಿಗಳಿಗೆ ಪಾಠ ಮಾಡಿದಾಗ "ಊಟ ಕೊಟ್ರಾ?" ಎಂದಷ್ಟೇ ಕೇಳಿದ್ದರು. ಹಿತ್ತಲ ಗಿಡ ಮದ್ದಲ್ಲ. ಅವಳೂ ಅದೇ ಹಿತ್ತಲಲ್ಲಿ ಬೆಳೆದ ಗಿಡ ಎಂಬುದು ಮಾತ್ರ ಅಮ್ಮನಿಗೆ ಮರೆತುಹೋಗಿದೆ.

ಮಾರ್ಚ್ ೧೦, ಸೋಮವಾರ

ಇವತ್ತು ಕೆಳಗೆ ಮೆಟ್ಟಿಲ ಬುಡದಲ್ಲಿ ಇಪ್ಪತ್ತಮೂರು ಜೊತೆ ಚಪ್ಪಲಿ. ಎಣಿಸಬೇಕೆಂದು ಎಣಿಸಿದ್ದಲ್ಲ, ಹಾಲು ತರಲು ಇಳಿದಾಗ ಕಾಲಿಗೆ ತೊಡರಿದವು. ನನ್ನ ಬೀಳ್ಕೊಡುಗೆಗೆ ಬಂದದ್ದು ಹನ್ನೊಂದು ಜನ. ಅದರಲ್ಲಿ ಒಬ್ಬರು ಫೋಟೋದವರು.

ಬಂದವರೆಲ್ಲ ಹೆಂಗಸರೇ. ಈ ಊರಿನಲ್ಲಿ ಸ್ಟೇರಿಂಗ್ ಹಿಡಿದ ಹೆಂಗಸರಲ್ಲಿ ಮುಕ್ಕಾಲು ಪಾಲು ಇವಳ ಶಿಷ್ಯೆಯರು. ಕಲಿಯದವಳು ನಾನೊಬ್ಬಳೇ. ಹತ್ತು ವರ್ಷದಿಂದ ಕರೆಯುತ್ತಿದ್ದಾಳೆ. ಕಲಿಸುವ ಸೀಟಿನಲ್ಲಿ ಅವಳು, ಕಲಿಯುವ ಸೀಟಿನಲ್ಲಿ ನಾನು ಕೂರುವುದು ನನ್ನ ಜೀವ ಇರುವವರೆಗೆ ಆಗದ ಮಾತು.

ಅವರಲ್ಲೊಬ್ಬಳು, "ನಿಮ್ಮ ಓಟಂತೂ ಗ್ಯಾರಂಟಿ ಬಿಡಿ ಟೀಚರ್" ಅಂದಳು. ನಕ್ಕು ಸುಮ್ಮನಾದೆ. ನನ್ನ ಓಟು ಈ ಕ್ಷೇತ್ರದಲ್ಲೇ ಇಲ್ಲ. ಕೊನೆಯ ಆರು ವರ್ಷ ಪಕ್ಕದ ಊರಿನ ಶಾಲೆಗೆ ವರ್ಗವಾಗಿ, ವಾರವಿಡೀ ಅಲ್ಲೇ ರೂಮು ಮಾಡಿಕೊಂಡಿದ್ದಾಗ ಅಲ್ಲಿಗೆ ಬದಲಾಯಿಸಿಕೊಂಡದ್ದು ಇನ್ನೂ ಅಲ್ಲೇ ಇದೆ. ಹೆಸರು ಬದಲಾಯಿಸುವ ಗಡುವು ಹೋದ ತಿಂಗಳೇ ಮುಗಿಯಿತು. ಮನೆ ಬದಲಾಯಿಸಿದ ಕೂಡಲೇ ಓಟನ್ನೂ ಬದಲಾಯಿಸಿ ಎಂದು ವರ್ಷಕ್ಕೆ ಮುನ್ನೂರು ಮಕ್ಕಳಿಗೆ ಹೇಳಿದವಳ ಕಥೆ ಇದು. ಆದರೂ ಆ ಕ್ಷಣ ಒಳಗೊಳಗೇ ಒಂದು ಖುಷಿಯಾಯಿತು. ಅವಳಿಗೆ ಹಾಕುವ ಸಂಕಟವೂ ಇಲ್ಲ, ಹಾಕದಿರುವ ಪಾಪವೂ ಇಲ್ಲ.

ಮಾರ್ಚ್ ೧೪, ಶುಕ್ರವಾರ

ನಾಮಪತ್ರ ತುಂಬಿಸಲು ನನ್ನನ್ನೇ ಕರೆದಳು. "ಖಾಲಿ ಕಾಲಂ ಬಿಟ್ರೆ ತಿರಸ್ಕಾರ ಆಗತ್ತಂತೆ, ನೀನು ನೋಡಿದ್ರೇ ನಂಗೆ ಸಮಾಧಾನ" ಅಂದಳು. ನೋಡಿದೆ. ಎರಡು ಕಡೆ "ಇಲ್ಲ" ಎಂದು ಬರೆಸಿದೆ. ಅಕ್ಷರ ಇನ್ನೂ ಕೋಳಿಕಾಲೇ.

ಪಕ್ಷೇತರರಿಗೆ ಹತ್ತು ಜನ ಸೂಚಕರು ಬೇಕು. ಹತ್ತೂ ಜನ ಇದೇ ಕ್ಷೇತ್ರದ ಮತದಾರರಾಗಿರಬೇಕು. ಒಂಬತ್ತು ಸಹಿ ಆಗಿತ್ತು. ಕೋಣೆಯ ತುಂಬ ಜನ. ಅವಳು ಪೆನ್ನನ್ನು ನನ್ನ ಕೈಗಿಟ್ಟು, "ಹತ್ತನೇದು ನಿಂದೇ ಇರ್ಬೇಕು ಅಕ್ಕ. ಅದಕ್ಕೆ ಅಂತಾನೇ ಬಿಟ್ಟಿದೀನಿ" ಅಂದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಅಮ್ಮ ಕಣ್ಣೊರೆಸಿಕೊಂಡರು.

ಹಾಕಿದೆ. ಪಟ್ಟಿಯ ಭಾಗ ಎಂಬತ್ತನಾಲ್ಕು, ಕ್ರಮಸಂಖ್ಯೆ ಆರುನೂರ ಹನ್ನೊಂದು. ಸಹಿ ಚೆನ್ನಾಗಿ ಬಂದಿದೆ.

ಮಾರ್ಚ್ ೧೫, ಶನಿವಾರ

ನಾನು ಒಂದಕ್ಷರ ಸುಳ್ಳು ಬರೆದಿಲ್ಲ. ಹೆಸರು ನನ್ನದೇ, ಸಹಿ ನನ್ನದೇ, ಸಂಖ್ಯೆಗಳೂ ನನ್ನವೇ. ಅವು ಪಕ್ಕದ ಕ್ಷೇತ್ರದ ಪಟ್ಟಿಯವು, ಅಷ್ಟೇ. ಯಾರೂ ಕೇಳಲಿಲ್ಲ, ನಾನು ಹೇಳಲಿಲ್ಲ.

ನಾಮಪತ್ರವನ್ನು ನಿನ್ನೆಯೇ ಸಲ್ಲಿಸಿ ಬಂದಿದ್ದಾಳೆ. ಮಂಗಳವಾರ ಪರಿಶೀಲನೆ. ಅಧಿಕಾರಿ ಒಂದೊಂದೇ ಹೆಸರನ್ನು ಪಟ್ಟಿಯೊಂದಿಗೆ ತಾಳೆ ನೋಡುತ್ತಾರೆ. ಎಂಬತ್ತನಾಲ್ಕನೇ ಭಾಗದ ಆರುನೂರ ಹನ್ನೊಂದರಲ್ಲಿ ಬೇರೆ ಯಾರೋ ಸಿಗುತ್ತಾರೆ. ಹತ್ತರಲ್ಲಿ ಒಂದು ಹೋದರೆ ಒಂಬತ್ತು. ಒಂಬತ್ತಾದರೆ ತಿರಸ್ಕೃತ. ಆ ಕೊಠಡಿಯಲ್ಲಿ ಯಾರಿಗೂ ಏನೂ ಮಾಡಲಾಗುವುದಿಲ್ಲ. ಇನ್ನೊಂದು ಪ್ರತಿ ಹಾಕಲು ಸೋಮವಾರ ಮಧ್ಯಾಹ್ನ ಮೂರು ಗಂಟೆಯವರೆಗೆ ಮಾತ್ರ ಅವಕಾಶ. ಇದೆಲ್ಲ ನನಗೆ ಬಾಯಿಪಾಠ.

ಯಾರಾದರೂ ಕೇಳಿದರೆ ಮರೆತಿದ್ದೆ ಅನ್ನುವುದು. ಅರವತ್ತು ವರ್ಷದವಳು, ಮರೆವು ಸಹಜ. ಆದರೆ ಊರು ನಗುತ್ತದೆ, ಪೌರನೀತಿ ಟೀಚರಿಗೆ ತನ್ನ ಓಟು ಎಲ್ಲಿದೆಯೆಂದೇ ಗೊತ್ತಿಲ್ಲವಂತೆ ಎಂದು. ನುಂಗುವಂತಿಲ್ಲ, ಉಗುಳುವಂತಿಲ್ಲ. ಅವಳಿಗೆ ತಗ್ಗು ತೋಡುವಾಗ ನನ್ನ ಕಾಲ ಬುಡದ ಮಣ್ಣನ್ನೇ ತೆಗೆದಿದ್ದೇನೆ.

ಮಾರ್ಚ್ ೧೬, ಭಾನುವಾರ

ತಲೆನೋವು. ಇವರು ನನ್ನ ಕನ್ನಡಕ ತೆಗೆದು ಒರೆಸಿ ಕೊಟ್ಟು, "ನಿಂಗೆ ದೂರದ್ದೆಲ್ಲ ಕಾಣತ್ತೆ ಮಾರಾಯ್ತಿ, ಹತ್ರದ್ದೇ ಕಾಣಲ್ಲ. ಈ ವಯಸ್ಸಿಗೆ ಎಲ್ಲರಿಗೂ ಹಾಗೇ" ಅಂದರು. ಕಣ್ಣಿನ ಬಗ್ಗೆ ಹೇಳಿದರೋ ಇನ್ನೇನೋ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತಾಯಿತು ನನಗೆ.

ಮಧ್ಯಾಹ್ನ ಅಮ್ಮ ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದರು.

"ಹೆದರ್ಕೊಂಡಿದ್ಲು ಕಣೆ ಅವ್ಳು. ಒಂದು ವಾರದಿಂದ ನಿದ್ದೆಯಿಲ್ಲ. ಮೊನ್ನೆ ನೀನು ಸಹಿ ಹಾಕ್ದಮೇಲೆ ಹೊಟ್ಟೆ ತುಂಬ ಊಟ ಮಾಡಿದ್ಲು" ಅಂದರು.

"ಅವಳಿಗೂ ಹೆದರಿಕೆ ಇದೆಯಾ?" ಅಂದೆ.

"ಎಲ್ರಿಗೂ ಇರತ್ತೆ. ಅವ್ಳು ಹೆದರ್ಕೊಂಡೇ ಮಾಡ್ತಾಳೆ. ನೀನು ಹೆದರ್ಕೊಂಡು ಬಿಡ್ತೀಯ" ಅಂದು, ನೀರು ಕುಡಿದು ಇಳಿದುಹೋದರು.

ಹೆತ್ತವಳ ಬಾಯಿಗೆ ಬಾಗಿಲಿಲ್ಲ. ಬರೆದೇಬಿಡುತ್ತೇನೆ, ಓದುವವರು ಯಾರೂ ಇಲ್ಲವಲ್ಲ. ನಾನು ನಿಲ್ಲದಿದ್ದದ್ದು ಕೆಸರಿಗಲ್ಲ. ಊರಿಗೂರೇ ನನ್ನ ಹೆಸರಿನ ಮುಂದೆ ಅಂಕಿ ಬರೆಯುವ ದಿನ, ಆ ಅಂಕಿ ನೂರ ಹನ್ನೆರಡು ಆಗಿದ್ದರೆ? ಮೂವತ್ತೆರಡು ವರ್ಷ ಬೇರೆಯವರಿಗೆ ಅಂಕ ಹಾಕಿದವಳಿಗೆ ತನ್ನ ಅಂಕ ನೋಡುವ ಧೈರ್ಯವಿರಲಿಲ್ಲ. ಅವಳಿಗಿದೆ. ಅದಕ್ಕೇ ಹೊಟ್ಟೆ ಉರಿಯುತ್ತದೆ. ಭಾಷಣಕ್ಕಲ್ಲ, ಚಪ್ಪಲಿಗಳಿಗಲ್ಲ, ಇದಕ್ಕೆ.

ಮಾರ್ಚ್ ೧೭, ಸೋಮವಾರ

ಎಲ್ಲವನ್ನೂ ಬರೆಯುತ್ತೇನೆ.

ಬೆಳಿಗ್ಗೆಯಿಂದ ಗಡಿಯಾರ ನೋಡಿದೆ. ಹನ್ನೊಂದಾಯಿತು, ಹನ್ನೆರಡಾಯಿತು. ಬಟ್ಟೆ ಮಡಚಿದೆ, ಮಡಚಿದ್ದನ್ನು ಬಿಚ್ಚಿ ಮತ್ತೆ ಮಡಚಿದೆ. ಒಂದು ಗಂಟೆಗೆ ಚಪ್ಪಲಿ ಮೆಟ್ಟಿಕೊಂಡು ಹೊರಟೆ. ಯಾವಾಗ ತೀರ್ಮಾನ ಮಾಡಿದೆನೋ ಗೊತ್ತಿಲ್ಲ, ಕಾಲು ಹೋಯಿತು.

ಪೆಟ್ರೋಲ್ ಬಂಕಿನ ಪಕ್ಕದ ಅವಳ ಡ್ರೈವಿಂಗ್ ಸ್ಕೂಲು ಒಂದೇ ಕೋಣೆಯದು. ಗೋಡೆಯ ಮೇಲೆ ರಸ್ತೆ ಚಿಹ್ನೆಗಳ ಪಟ, ಕಬ್ಬಿಣದ ಮೇಜು, ಅದರ ಮೇಲೆ ಕರಪತ್ರದ ಕಟ್ಟುಗಳು. ತಂಗಿ ಆಗಲೇ ಕಾರಿನಲ್ಲಿ ಕೂತಿದ್ದಳು. "ಬಾ, ಹತ್ತಿ ಕೂತ್ಕೋ. ಆಸ್ಪತ್ರೆ ಹತ್ರ ಕರಪತ್ರ ಹಂಚೋಕಿದೆ, ದಾರೀಲಿ ಮಾತಾಡೋಣ" ಅಂದಳು. ಪಕ್ಕದಲ್ಲಿ ಕೂತೆ. ಅದು ಕಲಿಸುವವರ ಸೀಟು. ಆ ಕಾರಿನಲ್ಲಿ ಆ ಸೀಟಿನ ಕೆಳಗೂ ಒಂದು ಬ್ರೇಕ್ ಇದೆ. ಕಾಲನ್ನು ಅದರಿಂದ ದೂರ ಇಟ್ಟುಕೊಂಡೆ.

ಹೆದ್ದಾರಿಗೆ ಬಂದಮೇಲೆ ಹೇಳಿದೆ. "ನನ್ನ ಓಟು ಇಲ್ಲಿಲ್ಲ. ಆ ಸಹಿ ನಡೆಯಲ್ಲ. ಮೂರು ಗಂಟೆ ಒಳಗೆ ಇನ್ನೊಂದು ಸೆಟ್ ಹಾಕು."

"ಗೊತ್ತು" ಅಂದಳು. ಗೇರು ಬದಲಿಸಿದಳು. "ಬೆಳಿಗ್ಗೆ ಹನ್ನೊಂದಕ್ಕೆ ಹಾಕಿ ಬಂದೆ. ನಿನ್ ಜಾಗದಲ್ಲಿ ನನ್ ಹತ್ರ ಗಾಡಿ ಕಲಿತ ಆಸ್ಪತ್ರೆ ನರ್ಸಮ್ಮನ ಸಹಿ."

ಹೇಗೆ ಗೊತ್ತಾಯಿತೆಂದು ಕೇಳಿದೆ.

"ಪ್ರತಿ ಎಲೆಕ್ಷನ್ನಿಗೂ ನೀನು ಇಸ್ತ್ರಿ ಬಟ್ಟೆ ಹಾಕ್ಕೊಂಡು ಬಸ್ ಹತ್ತೋದು ನಾನು ನೋಡಿಲ್ವಾ? ಮೊನ್ನೆ ಪೆನ್ನು ಕೊಡ್ವಾಗ ನಂಗೂ ನೆನಪಿರ್ಲಿಲ್ಲ. ನೀನು ನಂಬರ್ ಬರೀವಾಗ ನೆನಪಾಯ್ತು. ಖುಷೀಲಿ ನೀನೂ ಮರ್ತಿದೀಯ ಅಂದ್ಕೊಂಡೆ. ಅಷ್ಟು ಜನರ ಮುಂದೆ ಹೇಳಿದ್ರೆ ನಿಂಗೆ ಅವಮಾನ. ಟೀಚರಿಗೇ ಗೊತ್ತಿಲ್ವಂತೆ ಅಂತ ಆಡ್ಕೋತಾರೆ. ಅದಕ್ಕೆ ಸುಮ್ನಿದ್ದು ಇನ್ನೊಂದು ಹಾಕ್ದೆ. ನಿನ್ ಸಹಿ ಇರೋದು ಹಾಗೇ ಇರ್ಲಿ ಅಂತ ಅದನ್ನ ವಾಪಸ್ ತಗೊಳ್ಳಿಲ್ಲ."

ಅಷ್ಟಕ್ಕೆ ಮುಗಿಯುತ್ತಿತ್ತು. "ಹೌದು ಕಣೆ, ಮರೆತೇಬಿಟ್ಟಿದ್ದೆ" ಎಂಬ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಅಂದಿದ್ದರೆ ಅವಳು ನಗುತ್ತಿದ್ದಳು, ನಾನೂ ನಗುತ್ತಿದ್ದೆ, ಮನೆಗೆ ಹೋಗಿ ಟೀ ಕುಡಿಯಬಹುದಿತ್ತು.

"ಮರ್ತಿರ್ಲಿಲ್ಲ" ಅಂದೆ.

ಅವಳು ನನ್ನ ಕಡೆ ನೋಡಲಿಲ್ಲ. ಸ್ವಲ್ಪ ದೂರ ಹಾಗೇ ಓಡಿಸಿದಳು.

"ಸಹಿ ಹಾಕ್ವಾಗ್ಲೇ ಗೊತ್ತಿತ್ತಾ?"

"ಗೊತ್ತಿತ್ತು."

"ಮೂರು ದಿನ ಗೊತ್ತಿತ್ತಾ?"

"ಗೊತ್ತಿತ್ತು."

"ಮತ್ತೆ ಇವತ್ತು ಯಾಕ್ ಬಂದೆ?"

"ಅದು ಗೊತ್ತಿಲ್ಲ."

ಕಾರನ್ನು ರಸ್ತೆಯ ಪಕ್ಕಕ್ಕೆ ತಂದು, ಸೂಚನೆಯ ದೀಪ ಹಾಕಿ, ಕನ್ನಡಿ ನೋಡಿ, ಶಿಷ್ಯೆಯರಿಗೆ ಹೇಳಿಕೊಡುವ ಕ್ರಮದಲ್ಲೇ ನಿಲ್ಲಿಸಿದಳು. "ಇಳಿ" ಅಂದಳು. ಇಳಿದೆ.

ಯಾಕೆ ನಿಜ ಹೇಳಿದೆ ಎಂದು ಈಗ ಯೋಚಿಸುತ್ತಿದ್ದೇನೆ. ಸತ್ಯಹರಿಶ್ಚಂದ್ರನ ವಂಶದವಳೆಂದಲ್ಲ. ಅವಳು ನನಗಿಂತ ಜನಪ್ರಿಯಳಾಗಿ, ನನಗಿಂತ ಧೈರ್ಯವಂತೆಯಾಗಿ, ಕೊನೆಗೆ ನನ್ನ ಕಳ್ಳತನವನ್ನು ಪ್ರೀತಿಯೆಂದು ತಿಳಿದು ಮುಚ್ಚಿಡುವಷ್ಟು ಒಳ್ಳೆಯವಳೂ ಆಗಿಬಿಡುವುದನ್ನು ಸಹಿಸಲಾಗಲಿಲ್ಲ. ಅವಳೂ ಒಮ್ಮೆ ಸಿಟ್ಟಾಗಲಿ ಅನಿಸಿತು. ಆದಳು.

ಅವಳು ಇಳಿಸಿದ್ದು ಆಸ್ಪತ್ರೆಯ ಎದುರಿಗೆ. ಮನೆಯ ಬಸ್ಸು ನಿಲ್ಲುವುದು ಆಚೆ ಬದಿ. ಆ ರಸ್ತೆಯನ್ನು ನಾನು ಕಾಲ್ನಡಿಗೆಯಲ್ಲಿ ದಾಟಿದ್ದು ಇದೇ ಮೊದಲು. ಮೂವತ್ತೆರಡು ವರ್ಷ ಬಲ್ಬಿನ ಉದಾಹರಣೆ ಕೊಟ್ಟಿದ್ದೇನೆ, ಈ ರಸ್ತೆಯನ್ನು ಬಸ್ಸಿನ ಕಿಟಕಿಯಿಂದ ನೋಡಿದ್ದೇನೆ, ದಾಟಿರಲಿಲ್ಲ. ಹನ್ನೊಂದು ನಿಮಿಷ ನಿಂತೆ. ನನ್ನ ಪಕ್ಕದಲ್ಲಿ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡ ಒಬ್ಬ ಗಂಡಸು, ಎಕ್ಸ್‌ರೇ ಲಕೋಟೆ ಹಿಡಿದ ಒಬ್ಬ ಮುದುಕಿ, ಇನ್ನೂ ಏಳೆಂಟು ಜನ. ಲಾರಿಗಳ ನಡುವೆ ಒಂದು ಚೂರು ಬಿಡುವು ಸಿಕ್ಕಾಗ ಆ ಮುದುಕಿ ಗುರುತು ಪರಿಚಯವಿಲ್ಲದ ನನ್ನ ಮಣಿಕಟ್ಟು ಹಿಡಿದು, "ಓಡವ್ವ" ಅಂದಳು. ಓಡಿದೆವು. ಪ್ಲಾಸ್ಟರಿನವನು ನಡುವಿನ ಡಿವೈಡರಿನ ದಿಣ್ಣೆಯ ಮೇಲೇ ಉಳಿದುಬಿಟ್ಟ.

ಮಾರ್ಚ್ ೧೮, ಮಂಗಳವಾರ

ಮೊದಲ ಪ್ರತಿ ತಿರಸ್ಕೃತ, ಎರಡನೆಯದು ಸ್ವೀಕೃತ. ಅಮ್ಮ ಹೇಳಿದ್ದು. ಕೆಳಗಿನ ಬಾಗಿಲು ಮುಚ್ಚಿದೆ.

ಮಾರ್ಚ್ ೨೦, ಗುರುವಾರ

ಮೆಟ್ಟಿಲಿಗೆ ಬಲ್ಬ್ ಹಾಕಿದೆ. ಅಮ್ಮ ಎಡವಿ ಬಿದ್ದಾರೆಂದು, ಅಷ್ಟೇ.

ಮಾರ್ಚ್ ೨೧, ಶುಕ್ರವಾರ

ಮಾಡಲು ಬೇರೆ ಕೆಲಸವಿಲ್ಲದ ಕಾರಣ ಸಂಜೆ ಆಸ್ಪತ್ರೆಯ ಹತ್ತಿರ ಹೋದೆ. ಹಳೆಯ ಹಾಜರಿ ಪುಸ್ತಕವೊಂದು ಮನೆಯಲ್ಲಿ ಖಾಲಿ ಬಿದ್ದಿತ್ತು. ಐದರಿಂದ ಆರರವರೆಗೆ ಔಷಧಿ ಅಂಗಡಿಯ ಕಟ್ಟೆಯ ಮೇಲೆ ಕೂತು, ದಾಟಿದವರಿಗೆಲ್ಲ ಒಂದೊಂದು ಗೀಟು ಹಾಕಿದೆ. ಮುನ್ನೂರ ತೊಂಬತ್ತಾರು. ಏಳು ವರ್ಷದಿಂದ ಕಾಗದ ಓಡಾಡುತ್ತಿದೆ ಎಂದು ಭಾಷಣ ಮಾಡುತ್ತಾಳಲ್ಲ, ಎಷ್ಟು ಜನ ದಾಟುತ್ತಾರೆಂದು ಯಾರಾದರೂ ಎಣಿಸಿದ್ದಾರೆಯೇ? "ತುಂಬಾ ಜನ" ಅನ್ನುತ್ತಾಳೆ. ತುಂಬಾ ಅಂದರೆ ಎಷ್ಟು? ಉತ್ತರ ಪತ್ರಿಕೆಯಲ್ಲಿ ಹೀಗೆ ಬರೆದರೆ ಅರ್ಧ ಅಂಕವೂ ಸಿಗುವುದಿಲ್ಲ.

ಮಾರ್ಚ್ ೨೬, ಬುಧವಾರ

ಐದು ಸಂಜೆ ಆಯಿತು. ಅತಿ ಹೆಚ್ಚು ಸೋಮವಾರ, ನಾನೂರ ಇಪ್ಪತ್ತೊಂದು. ಅದರಲ್ಲಿ ಊರುಗೋಲು ಹಿಡಿದವರು ಹದಿನಾಲ್ಕು, ಗರ್ಭಿಣಿಯರು ಒಂಬತ್ತು. ನಡುವಿನ ದಿಣ್ಣೆಯ ಮೇಲೆ ಒಬ್ಬರು ಸರಾಸರಿ ನಾಲ್ಕು ನಿಮಿಷ ನಿಲ್ಲುತ್ತಾರೆ. ಒಂದು ಹಾಳೆಯಲ್ಲಿ ನೀಟಾಗಿ ಬರೆದು ಅಮ್ಮನ ಕೈಗೆ ಕೊಟ್ಟೆ.

"ಯಾರು ಕೊಟ್ರು ಅಂತ ಹೇಳ್ಲಿ?" ಅಂದರು.

"ಯಾರೂ ಕೊಟ್ಟಿಲ್ಲ ಅನ್ನಿ."

"ನಿನ್ ಅಕ್ಷರ ಅವ್ಳಿಗೆ ಗೊತ್ತಿಲ್ವಾ" ಎಂದು ಗೊಣಗಿಕೊಂಡು ಹೋದರು.

ಮುದುಕಿ ಇವತ್ತೂ ಸಿಕ್ಕಿದ್ದಳು. ಮಗನನ್ನು ಒಳಗೆ ಸೇರಿಸಿದ್ದಾಳಂತೆ, ಒಂದೇ ಗಂಟೆಯಲ್ಲಿ ನಾಲ್ಕು ಸಲ ದಾಟಿದಳು. ಅವಳಿಗೆ ನಾಲ್ಕು ಗೀಟು ಹಾಕಬೇಕೋ ಒಂದೋ ಎಂದು ಬಹಳ ಹೊತ್ತು ಯೋಚಿಸಿದೆ. ದಾಟುವಿಕೆಯನ್ನು ಎಣಿಸುವುದೇ ಸರಿ. ನಾಲ್ಕು.

ಏಪ್ರಿಲ್ ೨, ಬುಧವಾರ

ಪುರಭವನದಲ್ಲಿ ಅಭ್ಯರ್ಥಿಗಳೆಲ್ಲರ ಚರ್ಚೆ ಇತ್ತು. ಹೋಗುವುದಿಲ್ಲ ಅಂದುಕೊಂಡಿದ್ದೆ. ಇವರು ಎಳೆದುಕೊಂಡು ಹೋದರು. ಹಿಂದಿನ ಸಾಲಿನಲ್ಲಿ ಕೂತೆವು.

ಸಿಮೆಂಟ್ ಸಾಹುಕಾರ ಮೊದಲು ಮಾತಾಡಿದ. ದೊಡ್ಡ ಪಕ್ಷದ ಅಭ್ಯರ್ಥಿ, ಊರಿನ ಅರ್ಧ ಗೋಡೆಗಳ ಮೇಲೆ ಅವನ ಸಿಮೆಂಟಿನ ಜಾಹೀರಾತು, ಉಳಿದರ್ಧದ ಮೇಲೆ ಅವನ ಮುಖ. "ಸೇತುವೆ ಕೇಂದ್ರದ ವಿಷಯ. ಕೇಂದ್ರದಲ್ಲಿ ನಮ್ಮೋರೇ ಇದಾರೆ. ಇಲ್ಲೂ ನನ್ನನ್ನ ಗೆಲ್ಸಿ, ಒಂದೇ ಫೋನಲ್ಲಿ ಕೆಲಸ ಆಗತ್ತೆ" ಅಂದ.

ತಂಗಿ ಎದ್ದು ನಿಂತಳು. "ಹೋದ ಐದು ವರ್ಷ ಎರಡೂ ಕಡೆ ನಿಮ್ಮೋರೇ ಇದ್ರಲ್ಲ ಸಾಹುಕಾರ್ರೇ. ಫೋನ್ ಎಂಗೇಜಾಗಿತ್ತಾ?" ಅಂದಳು. ಸಭೆ ನಕ್ಕಿತು. "ಗಂಡ ಹೆಂಡ್ತಿ ಜಗಳದಲ್ಲಿ ಕೂಸು ಬಡವಾಯ್ತು ಅಂತಾರೆ. ಇಲ್ಲಿ ಗಂಡ ಹೆಂಡ್ತಿ ಚೆನ್ನಾಗೇ ಇದಾರೆ, ಆದ್ರೂ ಕೂಸಿಗೆ ಹಾಲಿಲ್ಲ. ಯಾಕಂದ್ರೆ ಅದು ಹಸ್ಕೊಂಡಿದೆ ಅಂತ ಇಬ್ರೂ ನೋಡೇ ಇಲ್ಲ. ನಾವು ನೋಡಿದೀವಿ. ಆಸ್ಪತ್ರೆ ಮುಂದೆ ಸಂಜೆ ಒಂದೇ ಗಂಟೇಲಿ ದಾಟೋರು ನಾನೂರ ಹನ್ನೆರಡು ಜನ."

"ನಾನೂರ ಇಪ್ಪತ್ತೊಂದು" ಎಂದಿತು ಒಂದು ಧ್ವನಿ. ನನ್ನದೇ. ನಾನು ಎದ್ದು ನಿಂತಿದ್ದೆ. ಮುನ್ನೂರು ತಲೆಗಳು ಹಿಂದಕ್ಕೆ ತಿರುಗಿದವು. ಇವರು ನನ್ನ ಸೆರಗಿನಂಚು ಹಿಡಿದು ಕೆಳಗೆ ಎಳೆಯುತ್ತಿದ್ದರು.

ತಂಗಿ ನನ್ನನ್ನು ನೋಡಿದಳು. ಹದಿನಾರು ದಿನದ ಮೇಲೆ.

"ತಪ್ಪಾಯ್ತು ಟೀಚರ್" ಅಂದಳು ಮೈಕಿನಲ್ಲಿ. "ನಾನೂರ ಇಪ್ಪತ್ತೊಂದು."

ಒಂಬತ್ತು ಜನರನ್ನು ನುಂಗಿಬಿಟ್ಟಿದ್ದಳಲ್ಲ. ಗರ್ಭಿಣಿಯರಷ್ಟೇ ಒಂಬತ್ತಿದ್ದರು. ಉಳಿದದ್ದೆಲ್ಲ ಸರಿಯಾಗಿ ಹೇಳಿದಳು, ಊರುಗೋಲು, ನಾಲ್ಕು ನಿಮಿಷ, ಎಲ್ಲ. ಕೂಸಿನ ಗಾದೆಯನ್ನು ತಿರುಗಿಸಿದ್ದು ಅವಳ ಸ್ವಂತದ್ದು, ನಾನು ಹೇಳಿಕೊಟ್ಟದ್ದಲ್ಲ. ಹತ್ತಕ್ಕೆ ಎಂಟೂವರೆ. ಸಂಖ್ಯೆ ತಪ್ಪಿದ್ದಕ್ಕೆ ಒಂದೂವರೆ ಕಳೆದೆ.

ದಾರಿಯಲ್ಲಿ ಇವರು, "ಎಣಿಸಿದ್ದು ನೀನು ಅಂತ ಒಂದ್ ಮಾತು ಹೇಳ್ಬಹುದಿತ್ತಲ್ಲ ಅವ್ಳು" ಅಂದರು. ಎಲ್ಲದಕ್ಕೂ ಒಂದು ತಕರಾರು ಇವರದು.

ಏಪ್ರಿಲ್ ೬, ಭಾನುವಾರ

ಮತದಾನ. ಬೂತಿನಲ್ಲಿ ಏಜೆಂಟಾಗಿ ಕೂರಲು ನನಗೆ ಅವಕಾಶವಿಲ್ಲ, ಈ ಕ್ಷೇತ್ರದ ಮತದಾರಳಲ್ಲ. ಐನೂರು ಜನರಿಗೆ ಬೂತಿನ ಕೆಲಸ ಕಲಿಸಿದವಳು ಬೂತಿನ ಹೊರಗೆ. ನಿನ್ನೆಯೆಲ್ಲ ತಂಗಿಯ ಹನ್ನೆರಡು ಜನ ಹೆಂಗಸರನ್ನು ನಮ್ಮ ಮೇಲ್ಮನೆಯ ಹಜಾರದಲ್ಲಿ ಕೂರಿಸಿಕೊಂಡು, ಯಾವಾಗ ಆಕ್ಷೇಪಣೆ ಎತ್ತಬೇಕು, ಯಾವ ಕಾಗದಕ್ಕೆ ಸಹಿ ಹಾಕದೆ ಎದ್ದು ಬರಬಾರದು ಎಂದು ಹೇಳಿಕೊಟ್ಟೆ. ಅವರನ್ನು ಕಳಿಸಿದ್ದು ಅವಳೇ. ತಾನು ಮಾತ್ರ ಬರಲಿಲ್ಲ.

ಇವತ್ತು ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು ಪಕ್ಕದ ಊರಿಗೆ ಬಸ್ಸಿನಲ್ಲಿ ಹೋಗಿ ನನ್ನ ಓಟು ಹಾಕಿ ಬಂದೆ. ಆ ಪಟ್ಟಿಯಲ್ಲಿ ಏಳು ಹೆಸರಿದ್ದವು. ಅವಳ ಹೆಸರು ಅಲ್ಲಿರುವುದಿಲ್ಲವೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೂ ಮೇಲಿಂದ ಕೆಳಗೆ ಎರಡು ಸಲ ಓದಿದೆ.

ಏಪ್ರಿಲ್ ೯, ಬುಧವಾರ

ಸಾಹುಕಾರ ಗೆದ್ದ. ನಮ್ಮದು ಮೂರನೇ ಸ್ಥಾನ. ಒಂಬತ್ತು ಸಾವಿರದ ಮುನ್ನೂರ ಹದಿನೆಂಟು.

ಕೆಳಗೆ ಅಳು ಇರುತ್ತದೆಂದು ಹೆದರಿ ಇಳಿಯಲಿಲ್ಲ. ಆಮೇಲೆ ಅಮ್ಮನ ನಗು ಕೇಳಿಸಿತು. ಮತ್ತೆ ಇಪ್ಪತ್ತು ಮೂವತ್ತು ಜೊತೆ ಚಪ್ಪಲಿ. ಸೋತವಳ ಮನೆಯಲ್ಲಿ ಇಷ್ಟು ಜನ ಯಾಕೋ.

ಏಪ್ರಿಲ್ ೧೫, ಮಂಗಳವಾರ

ಬೆಳಿಗ್ಗೆ ಚುನಾವಣಾ ಕಚೇರಿಗೆ ಹೊರಟೆ. ಓಟಿನ ಪಟ್ಟಿಯ ಹೆಸರನ್ನು ಇಲ್ಲಿಗೆ ಬದಲಾಯಿಸಿಕೊಳ್ಳಲು ಅರ್ಜಿ ತುಂಬಿ ಇಟ್ಟುಕೊಂಡಿದ್ದೆ. ಬೀದಿಯ ತಿರುವಿನಲ್ಲಿ ಅವಳ ಕಾರು ಪಕ್ಕಕ್ಕೆ ಬಂದು ನಿಂತಿತು. ಸೂಚನೆಯ ದೀಪ, ಕನ್ನಡಿ, ಎಲ್ಲ ಕ್ರಮವಾಗಿ. ಕಿಟಕಿ ಇಳಿಯಿತು.

"ಎಲ್ಲಿಗೆ?"

ಅರ್ಜಿ ತೋರಿಸಿದೆ. ಓದಿದಳು. ಕಾರಿನಿಂದಿಳಿದು, ಸುತ್ತಿ ಬಂದು, ಆಚೆ ಬದಿಯ ಸೀಟಿನಲ್ಲಿ ಕೂತಳು. ಸ್ಟೇರಿಂಗಿನ ಮುಂದಿನ ಸೀಟು ಖಾಲಿ.

"ಕೂತ್ಕೋ" ಅಂದಳು.

"ನಂಗೆ ಬರಲ್ಲ."

"ಗೊತ್ತು. ನನ್ ಹತ್ರಾನೂ ಒಂದು ಬ್ರೇಕ್ ಇದೆ. ಕೂತ್ಕೋ."

ಕೂತೆ. ಆ ಸಹಿಯ ಬಗ್ಗೆ ಏನಾದರೂ ಹೇಳುತ್ತಾಳೆಂದು ಕಾದೆ. "ಇನ್ನೂ ಸಿಟ್ಟಿದೆ ನಂಗೆ" ಅಂದಳು. "ಎಡಗಾಲು ಕ್ಲಚ್ ಮೇಲೆ. ನಿಧಾನ ಬಿಡು." ಅಷ್ಟೇ ಹೇಳಿದ್ದು.

ಕಚೇರಿಯ ಗುಮಾಸ್ತ ಅರ್ಜಿ ನೋಡಿ, "ಟೀಚರ್, ನಮಗೆಲ್ಲ ಟ್ರೈನಿಂಗ್ ಕೊಟ್ಟೋರು ನೀವು. ನಿಮ್ದೇ ಇಲ್ಲಿಲ್ವಾ?" ಎಂದು ನಕ್ಕ. ಪಕ್ಕದ ಮೇಜಿನವರೂ ನಕ್ಕರು. ಯಾವ ನಗೆಗೆ ಹೆದರಿ ಮೂರು ದಿನ ಬೆಂದಿದ್ದೆನೋ ಅದು ಇಷ್ಟೇ. "ಇಲ್ಲ, ಮರೆತುಬಿಟ್ಟಿದ್ದೆ" ಅಂದೆ. ತಂಗಿ ಗೋಡೆಯ ಕಡೆ ತಿರುಗಿಕೊಂಡಳು.

ವಾಪಸು ಬರುವಾಗ ಆಸ್ಪತ್ರೆಯ ಮುಂದೆ ನಿಲ್ಲಿಸಬೇಕಾಯಿತು, ಜನ ದಾಟುತ್ತಿದ್ದರು. ಅವಳನ್ನು ಕಂಡು ಒಬ್ಬಳು ಕಿಟಕಿಯ ಹತ್ತಿರ ಬಂದು, "ನಾನು ನಿಮಗೇ ಹಾಕಿದ್ದು" ಅಂದಳು. ಅವಳ ಹಿಂದೆ ಇನ್ನೊಬ್ಬ, "ನಮ್ಮನೇದು ಮೂರೂ ನಿಮಗೇ" ಅಂದ. ಕೊನೆಗೆ ಎಕ್ಸ್‌ರೇ ಮುದುಕಿ ಬಂದಳು. ನನ್ನ ಗುರುತು ಹಿಡಿಯಲೇ ಇಲ್ಲ. ನನ್ನ ಮುಂದಿನಿಂದ ಕೈ ಚಾಚಿ ತಂಗಿಯ ಕೈ ಹಿಡಿದು, "ನಿನಗೇ ಹಾಕಿದ್ದು ಕಣವ್ವ" ಅಂದಳು. ತಂಗಿ ಪ್ರತಿಯೊಬ್ಬರಿಗೂ ಮೊದಲ ಸಲ ಕೇಳಿದಂತೆ ನಗುತ್ತಿದ್ದಳು.

ಇದನ್ನು ಬರೆಯುವಾಗಲೂ ಹೊಟ್ಟೆ ಉರಿಯುತ್ತಿದೆ. ಒಂಬತ್ತು ಸಾವಿರದ ಮುನ್ನೂರ ಹದಿನೆಂಟು ಜನ, ದಾರಿಯಲ್ಲಿ ಹೋಗುವ ಪ್ರತಿಯೊಬ್ಬರೂ ಅವಳಿಗೆ ಆ ಮಾತನ್ನು ಹೇಳಬಹುದು. ನಾನು ಪಕ್ಕದಲ್ಲೇ ಕೂತಿದ್ದೆ, ಹೇಳುವಂತಿರಲಿಲ್ಲ.

ಹಿಂದಿನಿಂದ ಯಾರೋ ಹಾರ್ನ್ ಹೊಡೆದರು. ಕ್ಲಚ್ ಬಿಟ್ಟೆ, ಗಾಡಿ ಜಿಗಿದು ನಿಂತುಹೋಯಿತು. ಬ್ರೇಕ್ ಒತ್ತಿದ್ದು ಅವಳೇ ಎಂದು ನನ್ನ ಅನುಮಾನ. ಕೇಳಿದರೆ ಇಲ್ಲ ಅಂದಳು. ನಾಳೆ ಬೆಳಿಗ್ಗೆ ಆರಕ್ಕೆ ಮತ್ತೆ ಬರಲು ಹೇಳಿದ್ದಾಳೆ.